ಶೀಟ್ ಮಾಡಿನ ಕೆಳಗೆ ಮೈಕ್: ಕೊಡಗಿನಲ್ಲಿ ಊರಿನವರ ಮಾತು ರೆಕಾರ್ಡ್ ಮಾಡುವ ಬಗೆ

ಮೈಕ್ ಕೊಳ್ಳುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ಕೊಡಗಿನಲ್ಲಿ ಮನೆಮನೆಗೆ ಹೋಗಿ ಸಂದರ್ಶನ ಮಾಡುವ ಪಾಡ್‌ಕಾಸ್ಟ್ ನಿಂತುಹೋಗುವುದು ದುಡ್ಡಿಲ್ಲದೆ ಅಲ್ಲ, ಜೂನ್ ತಿಂಗಳಲ್ಲಿ. ಮಳೆ ಹಿಡಿದ ಮೇಲೆ ಶೀಟ್ ಮಾಡಿನ (ಛಾವಣಿಯ) ಕೆಳಗೆ ಕೂತು ರೆಕಾರ್ಡ್ ಮಾಡಿದ ಮಾತನ್ನು ಯಾವ ಸಾಫ್ಟ್‌ವೇರೂ ಉಳಿಸಿಕೊಡುವುದಿಲ್ಲ. ಫ್ರಿಜ್ಜಿನ ಗುಂಯ್ ಸದ್ದು ಒಂದೇ ಸ್ವರದಲ್ಲಿ ಇರುತ್ತದೆ, ಅದನ್ನು ಹೆಕ್ಕಿ ತೆಗೆಯಬಹುದು. ಮಳೆಯ ಸದ್ದು ಹಾಗಲ್ಲ. ಕೆಳಗಿನ ಸ್ವರದಿಂದ ಮೇಲಿನದರವರೆಗೆ ಹರಡಿಕೊಂಡು ಮಾತಿನ ಮೇಲೆಯೇ ಕೂತಿರುತ್ತದೆ. ಅದನ್ನು ಒರೆಸಲು ಹೋದರೆ ಮಾತಿನ ಸ, ಶ, ಚ ಕೂಡ ಒರೆಸಿಹೋಗಿ, ಅಜ್ಜ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತದೆ.

ಆದ್ದರಿಂದ ಮೇ ಕೊನೆಯೊಳಗೆ 8 ಕಂತುಗಳಾದರೂ ರೆಕಾರ್ಡ್ ಆಗಿ ಕೈಯಲ್ಲಿರಬೇಕು. ಹದಿನೈದು ದಿನಕ್ಕೊಂದರಂತೆ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಷ್ಟೇ ಸಾಕು. ಅದಕ್ಕೆ ಜನ ಯಾವಾಗ ಸಿಗುತ್ತಾರೆ ಎಂದು ಹಿಂದಿನಿಂದ ಲೆಕ್ಕ ಹಾಕಿ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ. ಆ ತಿಂಗಳುಗಳಲ್ಲಿ ತೋಟದವರಾಗಲಿ ಕೆಲಸದವರಾಗಲಿ ಸಂಜೆ ತೂಕ ಮುಗಿಯುವವರೆಗೆ ಸಿಗುವುದಿಲ್ಲ, ಮುಗಿದ ಮೇಲೆ ಮಾತಾಡುವ ತ್ರಾಣ ಇರುವುದಿಲ್ಲ. ಏಪ್ರಿಲ್, ಮೇ ಒಳ್ಳೆಯದು. ಮದುವೆ, ಹಾಕಿ ಎಂದು ಓಡಾಟ ಇದ್ದರೂ ಬೆಳಿಗ್ಗೆ ಎರಡು ಗಂಟೆ ಬಿಡುವು ಎಲ್ಲರಿಗೂ ಇರುತ್ತದೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬದ ದಿನಗಳಲ್ಲಿ ಎಲ್ಲರೂ ಮನೆಯಲ್ಲಿರುತ್ತಾರೆ, ಆದರೆ ಕೂತು ಮಾತಾಡುವವರು ಯಾರೂ ಇಲ್ಲ. ಆ ದಿನ ಸಂದರ್ಶನ ಬಿಟ್ಟು ಸದ್ದು ಮಾತ್ರ ಹಿಡಿದುಕೊಳ್ಳಿ. ದುಡಿ ವಾದ್ಯ, ಪಾಟ್ (ಹಾಡು), ಅಂಗಳದ ಗಲಾಟೆ ಮುಂದೆ ಯಾವುದಾದರೂ ಕಂತಿನ ಆರಂಭಕ್ಕೆ ಬರುತ್ತದೆ. ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ ಎನ್ನುವುದು ನೆನಪಿರಲಿ. ಮಾತಿಗೆ ಇಟ್ಟ ಗೇನ್‌ನಲ್ಲೇ (ಮೈಕಿನ ಸದ್ದು ಏರಿಸುವ ಮಟ್ಟ) ಬಿಟ್ಟರೆ ಆ ಒಂದು ಸದ್ದಿಗೆ ರೆಕಾರ್ಡಿಂಗ್ ಒಡೆಯುತ್ತದೆ. 20 ಡೆಸಿಬೆಲ್ ಇಳಿಸಿ, ದೂರ ನಿಲ್ಲಿ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಹಳೆಯ ಮನೆಗಳಲ್ಲಿ ಅಟ್ಟದ ಕೆಳಗಿನ ಕೋಣೆ ಹುಡುಕಿ. ಹೆಂಚಿಗೂ ನಿಮಗೂ ನಡುವೆ ಮರದ ಹಲಗೆ, ಅದರ ಮೇಲೆ ಗೋಣಿಯೋ ಭತ್ತವೋ ಇದ್ದರೆ ಅದಕ್ಕಿಂತ ಒಳ್ಳೆಯ ಸ್ಟುಡಿಯೊ ಮಡಿಕೇರಿಯಲ್ಲಿ ಬಾಡಿಗೆಗೂ ಸಿಗಲಿಕ್ಕಿಲ್ಲ. ಇಲ್ಲದಿದ್ದರೆ ಪೋರ್ಟಿಕೋದ ಕೆಳಗೆ ನಿಲ್ಲಿಸಿದ ಕಾರು. ಗಾಜು ಏರಿಸಿ, ಎಂಜಿನ್ ಮತ್ತು ಫ್ಯಾನ್ ಆರಿಸಿ, ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರೆ ಆಯಿತು. ಬಯಲಲ್ಲಿ ನಿಲ್ಲಿಸಿದ ಕಾರು ಬೇಡ, ಅದೂ ಒಂದು ಶೀಟ್ ಮಾಡೇ.

ಕೋಣೆ ನೋಡುವುದು

ಸಂದರ್ಶನದ ಹಿಂದಿನ ದಿನ ಹೋಗಿ, ಕೂರುವ ಜಾಗದಲ್ಲಿ ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲಿ. ಕಿವಿಗೆ ಅಭ್ಯಾಸವಾಗಿ ಹೋದ ಸದ್ದು ಆಗ ಕೇಳುತ್ತದೆ. ಇನ್ವರ್ಟರ್, ಫ್ರಿಜ್ಜು, ಗೋಡೆ ಗಡಿಯಾರ, ಪಕ್ಕದ ತೋಟದ ಕಳೆ ಕತ್ತರಿಸುವ ಮೆಷಿನ್, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್. ಕರೆಂಟ್ ಹೋದಾಗ ಇನ್ವರ್ಟರ್ ಶುರುವಾಗಿ ಹಮ್ಮಿಂಗ್ ಬರುತ್ತದೆ, ಹಾಗಾಗಿ ಕೂರುವ ಮೊದಲೇ ಅದನ್ನು ಆರಿಸಿಬಿಡಿ. ಫ್ರಿಜ್ ಆರಿಸಿದರೆ ನಿಮ್ಮ ಬೈಕಿನ ಕೀಯನ್ನು ಅದರೊಳಗೆ ಇಡಿ. ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ ಮತ್ತೆ ಹಚ್ಚುವುದು ನೆನಪಾಗುತ್ತದೆ. ಇಲ್ಲದಿದ್ದರೆ ಆ ಮನೆಯವರ ಮೀನು ಹಾಳು, ಎರಡನೇ ಸಲ ಆ ಮನೆಗೆ ಹೋಗುವ ಹಾಗಿಲ್ಲ.

ಸಂಜೆ ಆರರ ಮೇಲೆ ಜೀರುಂಡೆ. ಅದರ ಸ್ವರ ತೀರಾ ಎತ್ತರದ್ದು, ಸ ಕಾರ ಇರುವ ಎಡೆಯಲ್ಲೇ ಬರುತ್ತದೆ. ಎಡಿಟಿಂಗ್‌ನಲ್ಲಿ ಸ್ಪೆಕ್ಟ್ರೋಗ್ರಾಂ (ಸದ್ದಿನ ಸ್ವರಗಳನ್ನು ತೋರಿಸುವ ಚಿತ್ರ) ತೆಗೆದರೆ ಅಡ್ಡಗೆರೆಯಂತೆ ಕಾಣುತ್ತದೆ. ಆ ಒಂದು ಗೆರೆಯಷ್ಟನ್ನೇ ನಾಚ್ ಫಿಲ್ಟರ್‌ನಿಂದ ತಗ್ಗಿಸಬಹುದು, ಪೂರ್ತಿ ತೆಗೆಯಲಾಗುವುದಿಲ್ಲ. ಬೆಳಿಗ್ಗೆ 10ರಿಂದ 12 ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ತಿಂಡಿ ಆಗಿರುತ್ತದೆ, ನಾಯಿ ಮಲಗಿರುತ್ತದೆ.

ಸಿಮೆಂಟ್ ನೆಲ, ಬರಿ ಗೋಡೆಯ ಹಾಲ್‌ನಲ್ಲಿ ಮಾತು ಗುಂಯ್‌ಗುಟ್ಟುತ್ತದೆ. ಒಂದು ಸಲ ಚಪ್ಪಾಳೆ ತಟ್ಟಿ, ಸದ್ದು ಬಾಲ ಎಳೆದರೆ ಮಲಗುವ ಕೋಣೆಗೆ ಹೋಗಿ. ಹಾಸಿಗೆ, ಬಟ್ಟೆಯ ಕಪಾಟು, ಕಂಬಳಿ ಎಲ್ಲವೂ ಸದ್ದು ಹೀರುತ್ತವೆ. ಅತಿಥಿಯ ಎದುರಿನ ಗೋಡೆಗೆ ದಪ್ಪ ರಗ್ಗು ತೂಗುಹಾಕಿದರೆ ಅರ್ಧ ಕೆಲಸ ಮುಗಿಯಿತು.

ಉಪಕರಣ, ಬೇಗ ಹೇಳಿ ಮುಗಿಸೋಣ

ಎರಡು ಕಾಲರ್ ಮೈಕ್, ಎರಡು ಟ್ರ್ಯಾಕ್ ಬೇರೆಬೇರೆ ಹಿಡಿಯುವ ಒಂದು ಪುಟ್ಟ ರೆಕಾರ್ಡರ್, ಹೆಡ್‌ಫೋನ್. ರೆಕಾರ್ಡರ್ ಇಲ್ಲದಿದ್ದರೆ ಇಬ್ಬರಿಗೂ ಒಂದೊಂದು ಫೋನ್, ಒಂದೊಂದು ಮೈಕ್. ಆರಂಭದಲ್ಲಿ ಎರಡೂ ಫೋನಿಗೆ ಕೇಳುವಂತೆ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಎರಡು ಫೈಲುಗಳನ್ನು ಆ ಚಪ್ಪಾಳೆಗೆ ಜೋಡಿಸಬಹುದು. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುತ್ತದೆ, ಬಾರದಿದ್ದರೂ ಸಿಗ್ನಲ್ ಹುಡುಕುವ ಫೋನು ಮೈಕ್ ತಂತಿಯಲ್ಲಿ ಟರ್‌ಟರ್ ಸದ್ದು ಬಿಡುತ್ತದೆ. ಸಿಗ್ನಲ್ ಕಡಿಮೆ ಇರುವ ಕಡೆ ಈ ಕಾಟ ಇನ್ನೂ ಹೆಚ್ಚು.

ಹೊಸಬರನ್ನು ಅತಿ ಹೆಚ್ಚು ಸಲ ಕೆಡವುವುದು ಮೈಕಿನ ಪಿನ್. ಫೋನಿಗೆ ಹಾಕುವ ಪಿನ್ನಿನಲ್ಲಿ ಮೂರು ಕರಿ ಗೆರೆ, ರೆಕಾರ್ಡರಿಗೆ ಹಾಕುವುದರಲ್ಲಿ ಎರಡು. ಎರಡು ಗೆರೆಯದನ್ನು ಫೋನಿಗೆ ಚುಚ್ಚಿದರೆ ಫೋನ್ ಏನೂ ಹೇಳದೆ ತನ್ನದೇ ಮೈಕಿನಿಂದ ರೆಕಾರ್ಡ್ ಮಾಡುತ್ತದೆ. ಮನೆಗೆ ಬಂದು ಕೇಳಿದಾಗ ಅತಿಥಿ ಇನ್ನೊಂದು ಕೋಣೆಯಲ್ಲಿ ಇದ್ದಂತಿರುತ್ತದೆ. ಪರೀಕ್ಷೆ ಸುಲಭ: ರೆಕಾರ್ಡ್ ಒತ್ತಿ, ಕಾಲರ್ ಮೈಕಿನ ತಲೆಯನ್ನು ಉಗುರಿನಿಂದ ಕೆರೆಯಿರಿ, ಮತ್ತೆ ಕೇಳಿ. ಕರಕರ ಎಂದು ಜೋರಾಗಿ ಬರಲೇಬೇಕು.

ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಸೀರೆಯಾದರೆ ಸೆರಗಿಗೆ ಸಿಕ್ಕಿಸಬೇಡಿ, ಪ್ರತಿ ಉಸಿರಿಗೂ ರೇಷ್ಮೆ ಉಜ್ಜುತ್ತದೆ. ರವಿಕೆಯ ಅಂಚಿಗೆ ಅವರೇ ಸಿಕ್ಕಿಸಿಕೊಳ್ಳಲಿ, ನೀವು ಕೈ ಹಾಕಬೇಡಿ. ಕರಿಮಣಿಯೋ ಉದ್ದ ಸರವೋ ಇದ್ದರೆ ಮೈಕ್ ಅದಕ್ಕಿಂತ ಮೇಲಿರಲಿ. ಬಳೆ ತುಂಬ ಇದ್ದರೆ ತೆಗೆಯಲು ಹೇಳುವುದಕ್ಕಿಂತ, ಮಡಿಲಲ್ಲಿ ಒಂದು ದಿಂಬು ಕೊಡುವುದು ಮರ್ಯಾದೆ. ಕೈ ಅದರ ಮೇಲೆ ಕೂರುತ್ತದೆ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, ಎರಡಕ್ಕೆ 1 ಜಿಬಿ ಎಂದಿಟ್ಟುಕೊಳ್ಳಿ. ಜೋರಾಗಿ ನಕ್ಕಾಗ ಮೀಟರ್ ಮೈನಸ್ 6 ಡೆಸಿಬೆಲ್ ಮುಟ್ಟಬೇಕು, ಸಾಧಾರಣ ಮಾತು ಮೈನಸ್ 12ರ ಆಸುಪಾಸು ಇರಬೇಕು. ಮಾತು ಮುಗಿದ ಮೇಲೆ ಯಾರೂ ಅಲುಗಾಡದೆ 30 ಸೆಕೆಂಡ್ ಖಾಲಿ ಕೋಣೆಯ ಸದ್ದು ಹಿಡಿಯಿರಿ. ಎಡಿಟಿಂಗ್‌ನಲ್ಲಿ ಅದಿಲ್ಲದೆ ಕೈ ಕಟ್ಟಿದಂತಾಗುತ್ತದೆ.

ತೇವಕ್ಕೆ ಇಲ್ಲಿ ಮೈಕಿನ ಸ್ಪಂಜೂ ಬೂಸು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯದಾದರೆ ಒಳ್ಳೆಯದು, ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು (ಅಡುಗೆಗೆ ಬಳಸದ ಬಾಣಲೆ). ಕಂಡೆನ್ಸರ್ ಮೈಕ್ ಮಳೆಗಾಲದಲ್ಲಿ ಚಿಟಿಚಿಟಿ ಎಂದರೆ ಕೆಟ್ಟಿದೆ ಎಂದು ಎಸೆಯಬೇಡಿ. ಒಂದು ರಾತ್ರಿ ಈ ಡಬ್ಬಿಯಲ್ಲಿಟ್ಟು ನೋಡಿ.

ಕಾಫಿ ಕುಡಿದೇ ಶುರು ಮಾಡಿ

ಹೋದ ಮನೆಯಲ್ಲಿ ಕಾಫಿ ಬೇಡ ಎನ್ನುವ ಹಾಗಿಲ್ಲ, ರೆಕಾರ್ಡಿಂಗ್ ನಡುವೆ ಲೋಟ ಸದ್ದು ಮಾಡುವ ಹಾಗೂ ಇಲ್ಲ. ಮೊದಲು ಕುಡಿದು ಮುಗಿಸಿ. ಆ ಹತ್ತು ನಿಮಿಷದಲ್ಲಿ ಹವಾಮಾನ, ಕಾಫಿ ರೇಟು, ಯಾರ ಮನೆಯಲ್ಲಿ ಮದುವೆ ಎಲ್ಲ ಮಾತಾಡಿ, ಮುಖ್ಯ ವಿಷಯ ಬಿಟ್ಟು. ಒಳ್ಳೆಯ ಸಂಗತಿಯನ್ನು ಅತಿಥಿ ಕಾಫಿಯ ಜೊತೆಗೇ ಹೇಳಿಬಿಟ್ಟರೆ ಮೈಕಿನ ಮುಂದೆ ‘ಆಗಲೇ ಹೇಳಿದೆನಲ್ಲ’ ಎಂದು ಎರಡು ವಾಕ್ಯದಲ್ಲಿ ಮುಗಿಸುತ್ತಾರೆ.

ಪ್ರಶ್ನೆಗಳ ಪಟ್ಟಿಯನ್ನು ಮುಂಚೆ ಕಳಿಸಬೇಡಿ, ಅತಿಥಿ ಉತ್ತರ ಬರೆದುಕೊಂಡು ಓದುತ್ತಾರೆ. ಮೂರು ವಿಷಯ ಹೇಳಿದರೆ ಸಾಕು. ಹಳೆಯ ಪಟ, ರಶೀದಿ, ಡೈರಿ ಏನಾದರೂ ಇದ್ದರೆ ತೆಗೆದಿಡಲು ಹೇಳಿ. ಕೈಯಲ್ಲೊಂದು ವಸ್ತು ಇದ್ದರೆ ಮಾತು ತಾನಾಗಿ ಬರುತ್ತದೆ. ತೋಟದ ಮನೆಗಳಲ್ಲಿ ಇದಕ್ಕೆ ಒಳ್ಳೆಯ ವಸ್ತು, ಬಿದ್ದ ಮಳೆಯ ಲೆಕ್ಕ ಬರೆದಿಡುವ ಮಳೆ ಪುಸ್ತಕ. ‘ಈ ಸಲ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಹೇಗಾಯ್ತು?’ ಎಂದರೆ ‘ಆಯ್ತು, ಪರವಾಗಿಲ್ಲ’ ಎನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಬದಲಿಗೆ ಹೀಗೆ ಕೇಳಿದರೆ ಎಂದುಕೊಳ್ಳಿ:

‘ಮಳೆ ಪುಸ್ತಕ ಇದೆಯಲ್ಲ ಅಜ್ಜ, ಮಾರ್ಚ್ ತಿಂಗಳದ್ದು ಸ್ವಲ್ಪ ಓದ್ತೀರಾ?’

‘ತಡಿ, ಕನ್ನಡಕ ಎಲ್ಲಿ... ಹಾಂ. ಆರನೇ ತಾರೀಕು ಒಂದಿಂಚು ಹತ್ತು ಸೆಂಟು. ಆಮೇಲೆ ನೋಡು, ಖಾಲಿ, ಖಾಲಿ, ಖಾಲಿ. ಏಪ್ರಿಲ್ ಎರಡಕ್ಕೆ ಮೂವತ್ತು ಸೆಂಟು. ಅಷ್ಟೊತ್ತಿಗೆ ಏನು ಪ್ರಯೋಜನ? ಇಲ್ಲಿ ಬರ್ದಿದ್ದೇನೆ, ಕೆರೆ ಪಂಪು ಮೂರು ದಿನ ಅಂತ.’

‘ಆ ಮೂರು ದಿನ ಪಂಪಿನ ಹತ್ತಿರ ಯಾರಿದ್ರು?’

ಈ ಕೊನೆಯ ಪ್ರಶ್ನೆಯೇ ಸಂದರ್ಶನ. ಅಲ್ಲಿಂದ ಡೀಸೆಲ್ ಬಂತು, ರಾತ್ರಿ ಆನೆಯ ಭಯ ಬಂತು, ಕೆರೆ ನೀರಿಗೆ ಪಕ್ಕದ ತೋಟದವರ ಜೊತೆ ಆದ ಮಾತುಕತೆ ಬಂತು. ಬೆಂಗಳೂರಿನಲ್ಲಿ ಕೂತು ಕೇಳುವ ಮೊಮ್ಮಗಳಿಗೆ 100 ಸೆಂಟು ಅಂದರೆ ಒಂದಿಂಚು, ಒಂದಿಂಚು ಅಂದರೆ 25.4 ಮಿಲಿಮೀಟರ್, ಹೂಮಳೆಯಾಗಿ ಸುಮಾರು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ (ಹೂವಾದ ಮೇಲಿನ ಎರಡನೇ ಮಳೆ) ಬಾರದಿದ್ದರೆ ಕಾಯಿ ಕಚ್ಚುವುದು ಕಡಿಮೆ ಎನ್ನುವುದು ಗೊತ್ತಿರುವುದಿಲ್ಲ. ಅದನ್ನು ಅಜ್ಜನ ಬಾಯಲ್ಲಿ ಹೇಳಿಸಬೇಡಿ. ಆಮೇಲೆ ನೀವು ನಿಮ್ಮ ಧ್ವನಿಯಲ್ಲಿ 20 ಸೆಕೆಂಡಿನಲ್ಲಿ ಸೇರಿಸಿ.

ಉತ್ತರ ಮುಗಿಯಿತು ಎನಿಸಿದ ಮೇಲೆ ಮನಸ್ಸಿನಲ್ಲೇ ನಾಲ್ಕು ಎಣಿಸಿ ಮುಂದಿನ ಪ್ರಶ್ನೆಗೆ ಹೋಗಿ. ಅರ್ಧದಷ್ಟು ಸಲ ಅತಿಥಿ ಆ ಖಾಲಿಯನ್ನು ತಾವೇ ತುಂಬುತ್ತಾರೆ. ‘ಹೌದಾ’, ‘ಹೂಂ’, ‘ಅಯ್ಯೋ’ ಎನ್ನುವ ಅಭ್ಯಾಸ ಬಿಟ್ಟು ತಲೆಯಾಡಿಸಿ. ಊರಲ್ಲಿ ಹೂಂಗುಟ್ಟದಿದ್ದರೆ ಕೇಳುತ್ತಿಲ್ಲ ಎಂದುಕೊಳ್ಳುತ್ತಾರೆ, ಅದಕ್ಕೆ ಮೊದಲೇ ‘ನಾನು ತಲೆ ಮಾತ್ರ ಆಡಿಸ್ತೇನೆ, ಬೇಜಾರು ಮಾಡ್ಕೊಬೇಡಿ ಅತ್ತೆ’ ಎಂದು ಹೇಳಿಬಿಡಿ. ‘ಸರ್’, ‘ಮೇಡಂ’ ಎಂದ ಕೂಡಲೇ ಮಾತು ಸಭೆಯ ಭಾಷಣವಾಗುತ್ತದೆ. ಮನೆಯವರು ಏನೆಂದು ಕರೆಯುತ್ತಾರೋ ಹಾಗೆ ಕರೆಯಿರಿ.

ಭಾಷೆ. ಇಲ್ಲಿ ಒಂದೇ ರಸ್ತೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ ಮಾತು ಎಲ್ಲ ಕೇಳುತ್ತವೆ, ಎಲ್ಲರಿಗೂ ಕನ್ನಡ ಬರುತ್ತದೆ. ಬರುತ್ತದೆ ಎಂದ ಮಾತ್ರಕ್ಕೆ ದುಃಖವನ್ನೋ ತಮಾಷೆಯನ್ನೋ ಕನ್ನಡದಲ್ಲೇ ಹೇಳಬೇಕೆಂದಿಲ್ಲ. ಮನೆಮಾತಿನಲ್ಲೇ ಶುರು ಮಾಡಿಸಿ, ಆ ತುಂಡು ಆದ ಮೇಲೆ ಕನ್ನಡದಲ್ಲಿ ನೀವು ಎರಡು ಮೂರು ವಾಕ್ಯದ ಸಾರ ಹೇಳಿ. ಅವರ ಧ್ವನಿಯ ಮೇಲೆಯೇ ಅನುವಾದ ಹೇರುವುದು ನಮಗೆ ಸರಿಕಾಣುವುದಿಲ್ಲ, ಎರಡೂ ಕೇಳುವುದಿಲ್ಲ. ಮೊದಲ ವಾಕ್ಯದಲ್ಲಿ ಅತಿಥಿ ತಮ್ಮ ಹೆಸರು, ಮನೆ ಹೆಸರು, ಊರು ತಾವೇ ಹೇಳಲಿ. ಮನೆ ಹೆಸರನ್ನು ನೀವು ತಪ್ಪಾಗಿ ಉಚ್ಚರಿಸಿದರೆ ಉಳಿದ 25 ನಿಮಿಷ ಯಾರೂ ಕೇಳುವುದಿಲ್ಲ, ತಪ್ಪು ಹೇಳಿದ್ದರ ಬಗ್ಗೆಯೇ ಫೋನ್ ಬರುತ್ತದೆ.

ಮರುದಿನ ಸಂತೆಗೆ ಹೋಗಬೇಕು

ದೊಡ್ಡ ನಗರದ ಪಾಡ್‌ಕಾಸ್ಟಿಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಕೇಳುವವರೆಲ್ಲ ಅತಿಥಿಯನ್ನು ಬಲ್ಲವರು. ಅವರು ಹೇಳಿದ್ದು ಶುಕ್ರವಾರ ಮಡಿಕೇರಿ ಸಂತೆಯಲ್ಲಿ ಅವರ ಮುಖಕ್ಕೇ ವಾಪಸು ಬರುತ್ತದೆ. ಆದ್ದರಿಂದ ಒಪ್ಪಿಗೆ ಎರಡು ಸಲ: ಆರಂಭದಲ್ಲಿ ಒಮ್ಮೆ, ಎಲ್ಲ ಹೇಳಿ ಮುಗಿದ ಮೇಲೆ ಒಮ್ಮೆ, ಎರಡೂ ಮೈಕಿನಲ್ಲೇ. ಮೊದಲ ಸಲ ಒಪ್ಪುವಾಗ ತಾವು ಏನು ಹೇಳಲಿದ್ದೇವೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಆಮೇಲೆ 48 ಗಂಟೆ ಕೊಡಿ, ಯಾವ ತುಂಡು ಬೇಡವೆಂದರೂ ಕಾರಣ ಕೇಳದೆ ತೆಗೆಯಿರಿ.

ತೋಟದ ಲೈನ್ ಮನೆಯಲ್ಲಿರುವ (ಕಾರ್ಮಿಕರ ಸಾಲುಮನೆ) ಕಾರ್ಮಿಕರನ್ನು ಅದೇ ತೋಟದಲ್ಲಿ, ಮಾಲೀಕರೋ ರೈಟರೋ (ತೋಟದ ಗುಮಾಸ್ತ) ವರಾಂಡದಲ್ಲಿ ಕೂತಿರುವಾಗ ಮಾತಾಡಿಸಿದರೆ ಸಿಗುವುದು ಮಾಲೀಕರ ಸಂದರ್ಶನವೇ. ರಜೆಯ ದಿನ, ತೋಟದ ಹೊರಗೆ ಭೇಟಿಯಾಗಿ. ಹೆಸರು ಬೇಡವೆಂದವರ ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ದಪ್ಪ ಮಾಡಿದರೆ ಸಾಲದು. ಅದನ್ನು ಹಿಂದಕ್ಕೆ ತಿರುಗಿಸುವುದು ಸುಲಭ, ತಿರುಗಿಸದಿದ್ದರೂ ಮಾತಿನ ವರಸೆಯಿಂದಲೇ ಪಕ್ಕದ ಲೈನಿನವರು ಗುರುತಿಸುತ್ತಾರೆ. ಮಾತನ್ನು ಬರೆದುಕೊಂಡು ಬೇರೆಯವರಿಂದ ಓದಿಸಿ, ಗುರುತು ಕೊಡುವ ವಿವರಗಳನ್ನು ತೆಗೆಯಿರಿ. ‘ಪಲ್ಪರ್ ಪಕ್ಕದ ಮನೆ’, ‘ಮೂರು ಹೆಣ್ಣುಮಕ್ಕಳು’ ಇಂಥವೇ ಹೆಸರಿಗಿಂತ ಬೇಗ ಸಿಕ್ಕಿಸುತ್ತವೆ.

ಹಾಡಿಗಳಿಗೆ (ಆದಿವಾಸಿಗಳ ಕೇರಿ) ಮೈಕ್ ಹಿಡಿದು ನೇರ ಹೋಗಬೇಡಿ. ಮೊದಲ ಭೇಟಿಗೆ ಬರಿಗೈಯಲ್ಲಿ ಹೋಗಿ, ಯಜಮಾನರ ಹತ್ತಿರ ಮಾತಾಡಿ, ಏಕೆ ಬಂದಿದ್ದೀರಿ, ಯಾರು ಕೇಳುತ್ತಾರೆ ಎಂದು ಹೇಳಿ ವಾಪಸು ಬನ್ನಿ. ಎರಡನೇ ಸಲಕ್ಕೆ ಅವರೇ ಕರೆದರೆ ರೆಕಾರ್ಡ್ ಮಾಡಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರನ್ನು ‘ಆ ಕ್ಷಣ ಹೇಗನಿಸಿತು’ ಎಂದು ಕೇಳುವವರು ಇನ್ನೂ ಇದ್ದಾರೆ. ಬೇಡ. ಕುಸಿಯುವ ಮೊದಲು ತೋಡಿನ ನೀರು ಬಣ್ಣ ಬದಲಾಯಿತೇ, ಮೊದಲು ಬಿರುಕು ಕಂಡದ್ದು ಎಲ್ಲಿ, ಹೊರಡುವಾಗ ಏನು ಎತ್ತಿಕೊಂಡಿರಿ, ಹೊಸ ಮನೆಗೆ ಹೋಗಲು ಎಷ್ಟು ದಿನ ಹಿಡಿಯಿತು, ಇವನ್ನು ಕೇಳಿ. ಕೇಳುಗರಿಗೆ ಕೆಲಸಕ್ಕೆ ಬರುತ್ತವೆ. ಅಳು ಬಂದರೆ ರೆಕಾರ್ಡರ್ ನಿಲ್ಲಿಸಿ ಮೇಜಿನ ಮೇಲೆ ಇಡಿ, ನಿಲ್ಲಿಸಿದ್ದು ಅವರಿಗೆ ಕಾಣಬೇಕು.

ಜಮ್ಮಾ ಬಾಣೆ (ವಂಶಪಾರಂಪರ್ಯದ ಜಮೀನು), ಪಾಲುಪಟ್ಟಿ, ದಾರಿ ಜಗಳ: ಇವು ಯಾವ ವಿಷಯದ ಮಾತಿನಲ್ಲೂ ನುಸುಳುತ್ತವೆ. ಎದುರಿಗಿಲ್ಲದವರ ಹೆಸರು ಹೇಳಿ ಆರೋಪ ಬಂದರೆ ಎಡಿಟಿಂಗ್‌ನಲ್ಲಿ ತೆಗೆಯುವುದೇ ಕ್ಷೇಮ. ‘ಅವರು ಹೇಳಿದ್ದು, ನಾವಲ್ಲ’ ಎನ್ನುವುದು ನಡೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಯ ಮಾತನ್ನು ಪ್ರಕಟಿಸಿದವರೂ ಹೊಣೆ. ಇನ್ನು ಈ ಜಿಲ್ಲೆಯಲ್ಲಿ ಸೇನೆಯವರು ಸಿಗದ ಮನೆ ಕಡಿಮೆ. ಸೇವೆಯಲ್ಲಿರುವವರನ್ನು ಅನುಮತಿಯಿಲ್ಲದೆ ಮಾತಾಡಿಸಬೇಡಿ, ರಜೆಗೆ ಬಂದ ಮಗ ಈಗ ಎಲ್ಲಿದ್ದಾನೆ ಎಂದು ತಾಯಿ ಹೇಳಿದರೂ ಆ ವಾಕ್ಯ ಕತ್ತರಿಸಿ.

ಎಡಿಟಿಂಗ್

ಬಂದ ರಾತ್ರಿಯೇ ಫೈಲನ್ನು ಎರಡು ಕಡೆ ಕಾಪಿ ಮಾಡಿ, ಆಮೇಲೆ ಕಾರ್ಡ್ ಅಳಿಸಿ. ಆಡಾಸಿಟಿ ಸಾಕು, ಉಚಿತ. ಕ್ರಮ ಮುಖ್ಯ. ಮೊದಲು ಬೇಡದ ತುಂಡು ತೆಗೆಯಿರಿ. ಆಮೇಲೆ 80 ಹರ್ಟ್ಸ್‌ನ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಸ್ವರ ಕತ್ತರಿಸುವುದು), ಇದರಿಂದ ಮೇಜಿನ ಗುದ್ದು, ಗಾಳಿ, ದೂರದ ಜೀಪಿನ ಗುಡುಗು ಹೋಗುತ್ತದೆ. ಮೂರನೆಯದು ನಾಯ್ಸ್ ರಿಡಕ್ಷನ್: ಆ 30 ಸೆಕೆಂಡಿನ ಖಾಲಿ ಸದ್ದನ್ನು ಮಾದರಿಯಾಗಿ ಕೊಟ್ಟು 6ರಿಂದ 9 ಡೆಸಿಬೆಲ್ ಮಾತ್ರ ಇಳಿಸಿ. ಒಂದೇ ಸಲ 20 ಇಳಿಸಿದರೆ ಮಾತು ನೀರಿನೊಳಗೆ ಗುಳುಗುಳು ಎನ್ನುತ್ತದೆ. ಸ್ವಲ್ಪ ಸದ್ದು ಉಳಿದರೆ ಉಳಿಯಲಿ, ಕೋಳಿ ಕೂಗಿದರೆ ಮನೆ ಎಂದು ಗೊತ್ತಾಗುತ್ತದೆ. ನಂತರ ಕಂಪ್ರೆಸರ್ (ಜೋರು ಮಾತಿಗೂ ಮೆಲು ಮಾತಿಗೂ ಇರುವ ಅಂತರ ತಗ್ಗಿಸುವುದು), ಕೊನೆಗೆ ಲೌಡ್‌ನೆಸ್. ಮೋನೋಗೆ (ಒಂದೇ ಚಾನೆಲ್‌ನ ಫೈಲ್) ಮೈನಸ್ 19 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎನ್ನುವ ಅಳತೆ). ಕಂಪ್ರೆಸರ್ ಮೊದಲು ಹಾಕಿ ಆಮೇಲೆ ನಾಯ್ಸ್ ತೆಗೆಯಲು ಹೋದರೆ ನೀವೇ ದೊಡ್ಡದು ಮಾಡಿದ ಗಲಾಟೆಯನ್ನು ನೀವೇ ತೆಗೆಯಬೇಕಾಗುತ್ತದೆ.

50 ನಿಮಿಷ ರೆಕಾರ್ಡ್ ಮಾಡಿದರೆ 25 ನಿಮಿಷ ಉಳಿಸಿ. ನೆನಪು ಮಾಡಿಕೊಳ್ಳುವ ಮೌನವನ್ನು ಕತ್ತರಿಸಬೇಡಿ, ಹೆಸರು ಹುಡುಕುವ ಮೌನವನ್ನು ಕತ್ತರಿಸಿ. ಯಾವುದು ಯಾವುದೆಂದು ಕೇಳಿದರೆ ತಿಳಿಯುತ್ತದೆ.

ಹಂಚುವುದು

ಬೆಟ್ಟದ ಹಿಂದಿನ ಮನೆಗಳಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಬಂದರೆ ದೊಡ್ಡದು. 64 ಕೆಬಿಪಿಎಸ್ ಮೋನೋ ಎಂಪಿ ತ್ರೀ ಮಾಡಿದರೆ 25 ನಿಮಿಷಕ್ಕೆ 12 ಎಂಬಿ. ಮಾತಿಗೆ ಅಷ್ಟು ಗುಣಮಟ್ಟ ಸಾಕು. ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ಏರಿಸಿ, ಜೊತೆಗೆ ವಾಟ್ಸಾಪಿಗೂ ಬಿಡಿ. ಇಲ್ಲಿ ಹೆಚ್ಚಿನವರು ಕೇಳುವುದು ಕುಟುಂಬದ ಗುಂಪಿನಲ್ಲಿ ಬಂದದ್ದನ್ನೇ. ಆದರೆ ಹತ್ತು ಗುಂಪಿಗೆ ಫಾರ್ವರ್ಡ್ ಆದ ಫೈಲನ್ನು ವಾಪಸು ಕರೆಯಲು ಆಗುವುದಿಲ್ಲ. ಅದಕ್ಕೆ ಪ್ರತಿ ಕಂತಿನ ಮೊದಲಲ್ಲೇ ರೆಕಾರ್ಡ್ ಮಾಡಿದ ತಿಂಗಳು, ವರ್ಷ ಮಾತಿನಲ್ಲೇ ಹೇಳಿ. ‘ಇವತ್ತಿನ ಕಾಫಿ ರೇಟು’ ಎನ್ನುವ ಮಾತು ಎರಡು ವರ್ಷದ ಮೇಲೂ ಎಲ್ಲೋ ತಿರುಗುತ್ತಿರುತ್ತದೆ. ತಪ್ಪಾಗಿದ್ದರೆ ತಿದ್ದುಪಡಿಯನ್ನು ಮುಂದಿನ ಕಂತಿನ ಕೊನೆಯಲ್ಲಿ ಹೇಳದೆ ಆರಂಭದಲ್ಲೇ ಹೇಳಿ.

ಗುರುವಾರ ಸಂಜೆ ಬಿಟ್ಟರೆ ಶುಕ್ರವಾರದ ಸಂತೆಯ ಹೊತ್ತಿಗೆ ಕೇಳಿದವರು ಸಿಗುತ್ತಾರೆ. ಅವರು ಹೇಳುವ ಹೆಸರುಗಳನ್ನು ಬರೆದುಕೊಳ್ಳಿ, ಮುಂದಿನ ಅತಿಥಿಗಳು ಅಲ್ಲೇ ಇರುತ್ತಾರೆ.

ಎಡಿಟ್ ಮಾಡದ ಪೂರ್ತಿ ರೆಕಾರ್ಡಿಂಗನ್ನು ಪೆನ್ ಡ್ರೈವ್‌ಗೆ ಹಾಕಿ ಆ ಮನೆಗೆ ಕೊಡಿ. ಫೈಲಿನ ಹೆಸರಿನಲ್ಲಿ ತಾರೀಕು, ಮನೆ ಹೆಸರು, ಊರು ಇರಲಿ. ಪೆನ್ ಡ್ರೈವ್‌ನ್ನು ಜಿಪ್ ಕವರಿನಲ್ಲಿ ಒಂದು ಚೀಲ ಸಿಲಿಕಾ ಜೆಲ್ ಜೊತೆ ಇಟ್ಟು ಕೊಡಿ, ಇಲ್ಲದಿದ್ದರೆ ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಪಿನ್ನಿಗೆ ಹಸಿರು ಹಿಡಿದಿರುತ್ತದೆ.